ಕನ್ನಡ ತಪ್ಪಿಲ್ಲದೆ ಬರೆಯಲು ಬರುತ್ತದೆಯೇ? ಆನ್‌ಲೈನ್‌ನ ಮೊದಲ ಸಂಪಾದನೆ ಅಲ್ಲಿಂದಲೇ ಶುರುವಾಗಲಿ

ಮನೆಯಿಂದಲೇ ಆನ್‌ಲೈನ್‌ನಲ್ಲಿ ಏನಾದರೂ ದುಡಿಯಬಹುದಾ ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಯೂಟ್ಯೂಬ್ ಚಾನೆಲ್ ಶುರು ಮಾಡಿ. ಚಾನೆಲ್ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಜಾಹೀರಾತಿನ ಪಾಲು ಬರಬೇಕಾದರೆ 1000 ಚಂದಾದಾರರು ಬೇಕು. ಜತೆಗೆ ಒಂದು ವರ್ಷದೊಳಗೆ ಜನ 4000 ಗಂಟೆ ನಿಮ್ಮ ವಿಡಿಯೊ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಇಷ್ಟೆಲ್ಲ ಆದ ಮೇಲೂ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಗೂಗಲ್ ಹಣ ಕಳಿಸುವುದಿಲ್ಲ. ಮುಂದಿನ ತಿಂಗಳ ಖರ್ಚಿಗೆ ನಾಲ್ಕು ಕಾಸು ಬೇಕು ಎನ್ನುವವರಿಗೆ ಇದು ದೂರದ ಮಾತು.

ಈಗಾಗಲೇ ನಿಮ್ಮ ಕೈಯಲ್ಲಿರುವ ವಿದ್ಯೆ ಒಂದಿದೆ, ಅದು ಒಳ್ಳೆಯ ಕನ್ನಡ. ಕಾಗುಣಿತ ತಪ್ಪಿಲ್ಲದೆ ಕನ್ನಡ ಟೈಪ್ ಮಾಡುವವರು, ಕೇಳಿದ ಮಾತನ್ನು ಹಾಗೇ ಬರೆದುಕೊಡುವವರು, ಇಂಗ್ಲಿಷ್‌ನಿಂದ ಓದಬಲ್ಲ ಕನ್ನಡಕ್ಕೆ ತರುವವರು ಬೇಕೆಂದು ಹುಡುಕುವವರು ನಿಜಕ್ಕೂ ಇದ್ದಾರೆ. ಅವರಿಗೆ ನೀವು ಸಿಗುತ್ತಿಲ್ಲ, ಅಷ್ಟೇ.

ಯಾರಿಗೆ ಏನು ಬೇಕು

ಕೈಬರಹದ ಹಸ್ತಪ್ರತಿ ಇಟ್ಟುಕೊಂಡು ಪುಸ್ತಕ ತರಲು ಹೊರಟಿರುವ ನಿವೃತ್ತ ಮೇಷ್ಟ್ರು ಪ್ರತಿ ತಾಲ್ಲೂಕಿನಲ್ಲೂ ಇರುತ್ತಾರೆ. ಕನ್ನಡದಲ್ಲಿ ಪಿಎಚ್‌.ಡಿ ಮಾಡುವವರಿಗೆ ಪ್ರಬಂಧ ಟೈಪ್ ಆಗಬೇಕು, ಕರಡು ತಿದ್ದಿಸಬೇಕು. ಹಳೆಯ ಪುಸ್ತಕಗಳನ್ನು ಇ-ಬುಕ್ ಮಾಡಲು ಹೊರಟ ಪ್ರಕಾಶಕರಿಗೆ ಹಿಂದೆ ಅಚ್ಚಿಗಾಗಿ ಸಿದ್ಧಪಡಿಸಿದ ಡಿಟಿಪಿ ಫೈಲುಗಳು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ಓದಲು ಬರುವ ಅಕ್ಷರ ಸಂಕೇತಕ್ಕೆ, ಬದಲಾಗಬೇಕು. ಹಳ್ಳಿಗಳಲ್ಲಿ ಸಂದರ್ಶನ ಮಾಡಿ ಬಂದ ಸಂಶೋಧಕರು, ಸ್ವಯಂಸೇವಾ ಸಂಸ್ಥೆಗಳವರು ಗಂಟೆಗಟ್ಟಲೆ ರೆಕಾರ್ಡಿಂಗ್ ಇಟ್ಟುಕೊಂಡು, ಬರೆದುಕೊಡುವವರಿಗಾಗಿ ಕಾಯುತ್ತಿರುತ್ತಾರೆ. ಕೃಷಿ, ಅಡುಗೆ, ಸ್ಪರ್ಧಾತ್ಮಕ ಪರೀಕ್ಷೆಗಳ ಯೂಟ್ಯೂಬ್ ಚಾನೆಲ್‌ಗಳಿಗೆ ಸಬ್‌ಟೈಟಲ್ ಬೇಕು. ವಿದೇಶದ ಕನ್ನಡ ಕೂಟಗಳು ಸ್ಮರಣ ಸಂಚಿಕೆ ತರುವಾಗ ಬರಹಗಳನ್ನು ಒಂದೇ ರೂಪಕ್ಕೆ ತಂದು ತಿದ್ದಿಕೊಡುವ ಒಂದು ಕೈ ಬೇಕಾಗುತ್ತದೆ.

ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ಕಡೆ ಎಂದರೆ ವಕೀಲರ ಕಚೇರಿ. ತಾಲ್ಲೂಕು, ಜಿಲ್ಲಾ ನ್ಯಾಯಾಲಯದ ಕಾಗದಪತ್ರ, ಪಹಣಿ, ಹಳೆಯ ಕ್ರಯಪತ್ರಗಳೆಲ್ಲ ಕನ್ನಡದಲ್ಲಿರುತ್ತವೆ. ಪ್ರಕರಣ ಹೈಕೋರ್ಟಿಗೆ ಹೋದರೆ ಇಂಗ್ಲಿಷ್ ಅನುವಾದವೂ, ಓದಲು ಬರುವಂತೆ ಟೈಪ್ ಮಾಡಿದ ಪ್ರತಿಯೂ ಬೇಕು. ಕಂದಾಯ ಇಲಾಖೆಯ ಪದಗಳು ಗೊತ್ತಿದ್ದು ಎರಡೂ ಭಾಷೆ ಬಲ್ಲವರಿಗೆ ಇಲ್ಲಿ ಕೆಲಸ ನಿಲ್ಲುವುದೇ ಇಲ್ಲ.

ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಟೈಪಿಂಗ್, ಅನುವಾದ, ವಿನ್ಯಾಸ, ವಾಯ್ಸ್ ಓವರ್ ಎಲ್ಲವನ್ನೂ ಮಾಡುತ್ತೇನೆ ಎಂದು ಬರೆದುಕೊಂಡವರಿಗೆ ಯಾರೂ ಮೊದಲ ಕೆಲಸ ಕೊಡುವುದಿಲ್ಲ.

ಬೇಕಾದ ಸಲಕರಣೆ

ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ಸಬ್‌ಟೈಟಲ್, ಸಣ್ಣ ಅನುವಾದಗಳನ್ನು ಫೋನಿನಲ್ಲೇ ಆರಂಭಿಸಬಹುದು. ಆದರೆ ಇನ್ನೂರು ಪುಟದ ಪ್ರಬಂಧವನ್ನು ಫೋನಿನಲ್ಲಿ ಮಾಡಲು ಹೋದರೆ ಕಣ್ಣು, ಕತ್ತು ಎರಡೂ ಹೋಗುತ್ತವೆ. ಬರೆಯಲು ಗೂಗಲ್ ಡಾಕ್ಸ್ ಅಥವಾ ಲಿಬ್ರೆ ಆಫೀಸ್ ಇಟ್ಟುಕೊಳ್ಳಿ, ಎರಡಕ್ಕೂ ಹಣ ಕೊಡಬೇಕಿಲ್ಲ. ಟೈಪಿಂಗ್‌ಗೆ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇದೆ, 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಇದೆ. ಹೊಸದಾಗಿ ಕಲಿಯುವುದಾದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೇ ಕಲಿಯಿರಿ. ನುಡಿಯಲ್ಲಿರುವುದು ಅದೇ. ಕೈ ಕೂತ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡುವ ವಿಧಾನಕ್ಕಿಂತ ಬಹಳ ಬೇಗ ಓಡುತ್ತದೆ.

ರೆಕಾರ್ಡಿಂಗ್ ಕೇಳಿ ಬರೆಯುವ ಕೆಲಸಕ್ಕೆ ಒಂದು ಉಪಾಯ ಹೇಳುತ್ತೇನೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ, ಅದೇ ವಾಕ್ಯವನ್ನು ನೀವು ಸ್ಪಷ್ಟವಾಗಿ ಹೇಳುತ್ತಾ ಹೋಗಿ. ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಗದ್ದಲದ ಮಧ್ಯೆ ಮಾಡಿದ ಸಂದರ್ಶನವನ್ನು ಯಂತ್ರಕ್ಕೆ ನೇರವಾಗಿ ಕೇಳಿಸಿದರೆ ಅರ್ಧವೂ ಸರಿ ಬರುವುದಿಲ್ಲ. ನಿಮ್ಮ ಒಂದೇ ದನಿಯಾದರೆ ತಿದ್ದುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಶುರು ಮಾಡುವ ಮೊದಲೇ ಗಿರಾಕಿಯನ್ನು ಒಂದು ಮಾತು ಕೇಳಿ: ‘ಹೋಗ್ತೀನ್ರೀ’, ‘ಬರ್ಲಿಕ್ಕತ್ತಾರ’ ಎಂದು ಆಡಿದ್ದನ್ನು ಹಾಗೇ ಬರೆಯಬೇಕೋ, ಗ್ರಾಂಥಿಕ ಕನ್ನಡಕ್ಕೆ ತರಬೇಕೋ? ಸಂಶೋಧಕರಿಗೆ ಸಾಮಾನ್ಯವಾಗಿ ಆಡಿದ್ದು ಆಡಿದಂತೆಯೇ ಬೇಕಾಗಿರುತ್ತದೆ.

ಕೆಲಸದ ಅಚ್ಚುಕಟ್ಟು ಎಲ್ಲಿದೆ

ಒಂದು ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ: ಹಳೆಯ ನುಡಿ ಫೈಲನ್ನು ಯೂನಿಕೋಡ್ ಮಾಡಿಕೊಡುವುದು. ಆ ಕಾಲದ ಫೈಲಿನಲ್ಲಿ ಇರುವುದು ನಿಜವಾದ ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗೊಜಲು ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ಓದಲಾಗುವುದಿಲ್ಲ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಫೈಲ್ ಹಾಕಿ ಗುಂಡಿ ಒತ್ತಿದರೆ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ನಿಮ್ಮ ಸಂಪಾದನೆ ಇರುವುದು ಗುಂಡಿ ಒತ್ತಿದ ಮೇಲಿನ ಕೆಲಸದಲ್ಲಿ.

ಮೊದಲು ಅರ್ಕಾವತ್ತು ನೋಡಿ. ಹಳೆಯ ಫೈಲುಗಳಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ. ಪರಿವರ್ತನೆಯಲ್ಲಿ ಜಾಗ ತಪ್ಪಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ, ‘ಮಾರ್ಗದರ್ಶಿ’ ಹೋಗಿ ‘ಮಾಗರ್ದಶಿರ್’ ಆಗುತ್ತದೆ. ಸರ್ಕಾರಿ ಫಲಕಗಳಲ್ಲೂ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಫೈಲಿನಲ್ಲಿ ‘ರ್’ ಎಂದು ಹುಡುಕಿ ಒಂದೊಂದನ್ನೂ ನೋಡಿ.

ಎರಡನೆಯದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ‘೦’ ಒತ್ತಿರುವವರು ಬಹಳ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಬೇರೆ ಬೇರೆ. ‘ಬೆಂಗಳೂರು’ ಎಂದು ಹುಡುಕಿದರೆ ಅಂಕಿ ಹಾಕಿ ಬರೆದ ಬೆಂಗಳೂರು ಸಿಗುವುದೇ ಇಲ್ಲ. ಅಂಕಿ ‘೦’ ಅನ್ನು ಹುಡುಕಿ, ಅಕ್ಷರಗಳ ಮಧ್ಯೆ ಬಂದಲ್ಲೆಲ್ಲ ಬದಲಿಸಿ.

ಮೂರನೆಯದು, ಒತ್ತಕ್ಷರ ಆಗಬಾರದ ಕಡೆ ಆಗುವುದು. ‘ಬ್ಯಾಂಕ್‌ನಲ್ಲಿ’ ಎಂಬುದು ‘ಬ್ಯಾಂಕ್ನಲ್ಲಿ’ ಆಗಿ ಓದುವವರ ನಾಲಿಗೆ ತೊಡರುತ್ತದೆ. ಎರಡು ಅಕ್ಷರಗಳ ನಡುವೆ ಕಾಣದ ಒಂದು ವಿಭಜಕ ಸಂಕೇತ ಹಾಕಿದರೆ ಸರಿಯಾಗುತ್ತದೆ. ನಿಮ್ಮ ಕೀಬೋರ್ಡಿನಲ್ಲಿ ಅದು ಯಾವ ಕೀಲಿಯಲ್ಲಿದೆ ಎಂದು ಮೊದಲ ದಿನವೇ ಪತ್ತೆ ಮಾಡಿಟ್ಟುಕೊಳ್ಳಿ.

ಕೊನೆಯದಾಗಿ, ಮಧ್ಯೆ ಮಧ್ಯೆ ಬಂದಿರುವ ಇಂಗ್ಲಿಷ್ ಪದಗಳು. ಪರಿವರ್ತಕ ಅವನ್ನೂ ಕನ್ನಡದ ಸಂಕೇತ ಎಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಇದಕ್ಕಾಗಿಯೇ ಗಿರಾಕಿಯಿಂದ ಫೈಲಿನ ಜತೆ ಪಿಡಿಎಫ್ ಅಥವಾ ಮುದ್ರಿತ ಪುಸ್ತಕದ ಫೋಟೊ ತರಿಸಿಕೊಳ್ಳಬೇಕು. ಮೂಲ ಪಕ್ಕದಲ್ಲಿಲ್ಲದೆ ಈ ಕೆಲಸ ಒಪ್ಪಿಕೊಳ್ಳಬೇಡಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಗುಂಡಿ ಒತ್ತಿ ಕಳಿಸುವವರು ನೂರು ಜನ ಸಿಗುತ್ತಾರೆ. ಈ ನಾಲ್ಕನ್ನು ತಿದ್ದಿ ಕಳಿಸಿದವರನ್ನು ಪ್ರಕಾಶಕರು ಮತ್ತೆ ಕರೆಯುತ್ತಾರೆ.

ಸಬ್‌ಟೈಟಲ್ ಆರಿಸಿಕೊಂಡವರಿಗೂ ಇಂಥದೇ ಕೆಲವು ವಿಷಯಗಳಿವೆ. ಸಬ್‌ಟೈಟಲ್ ಬರೆದಿಡುವ ಎಸ್‌ಆರ್‌ಟಿ ಫೈಲ್ ಎಂದರೆ ಬರೀ ಪಠ್ಯ: ಕ್ರಮಸಂಖ್ಯೆ, ಅದರ ಕೆಳಗೆ ‘00:00:12,500 --> 00:00:15,800’ ಎಂಬಂತೆ ಸಮಯ, ಅದರ ಕೆಳಗೆ ಮಾತು, ಆಮೇಲೆ ಖಾಲಿ ಸಾಲು. ನೋಟ್‌ಪ್ಯಾಡ್‌ನಲ್ಲಿ ಬರೆದರೂ ಆಗುತ್ತದೆ, ಉಳಿಸುವಾಗ ಯುಟಿಎಫ್-8 ಎಂದು ಆರಿಸಬೇಕು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಇನ್ನೂ ಸುಲಭ. ಎರಡು ಸಾಲು ಮೀರಬೇಡಿ. ಕನ್ನಡದ ಪದಗಳು ಉದ್ದ, ಮಾತು ವೇಗವಾಗಿದ್ದರೆ ಅರ್ಥ ಕೆಡದಂತೆ ಮೊಟಕು ಮಾಡಲೇಬೇಕು. ಚಾನೆಲ್‌ನವರು ಪಾಸ್‌ವರ್ಡ್ ಕೊಡಲು ಬಂದರೆ ಬೇಡ ಎನ್ನಿ. ಯೂಟ್ಯೂಬ್ ಸ್ಟುಡಿಯೊದ ಅನುಮತಿಗಳಲ್ಲಿ ಸಬ್‌ಟೈಟಲ್ ಎಡಿಟರ್ ಎಂಬ ಪ್ರತ್ಯೇಕ ಪಾತ್ರವೇ ಇದೆ, ಅದಕ್ಕೆ ಸೇರಿಸಲು ಹೇಳಿ.

ತೋರಿಸಲು ಒಂದು ಮಾದರಿ

ಗಿರಾಕಿ ಮೊದಲು ಕೇಳುವುದು ‘ಹಿಂದೆ ಏನು ಮಾಡಿದ್ದೀರಿ?’ ಎಂದು. ಏನೂ ಮಾಡಿಲ್ಲದಿದ್ದರೆ ಈ ವಾರವೇ ಮಾಡಿ. ಅನುವಾದ ಕಲಿಯುವವರಿಗೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣ ಒಳ್ಳೆಯ ಜಾಗ. ಅಲ್ಲಿನ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ಅನುವಾದಕರಾಗಿ ನಿಮ್ಮ ಹೆಸರು ಬರುತ್ತದೆ. ಮೊದಲ ಹಂತದ ಕಥೆಯಲ್ಲಿ ಪುಟಕ್ಕೆ ಒಂದೆರಡು ಸಾಲು ಇರುತ್ತದೆ ಅಷ್ಟೇ. ಆದರೆ ಮಗುವಿಗೆ ಓದಿ ಹೇಳಿದಾಗ ಸರಾಗವಾಗಿ ಬರಬೇಕು, ಕಷ್ಟ ಇರುವುದು ಅಲ್ಲೇ. ಕರಡು ತಿದ್ದುವವರು ಕನ್ನಡ ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಪುಟ ತಿದ್ದಬಹುದು. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯಬಹುದು. ನೀವು ಮಾಡಿದ ತಿದ್ದುಪಡಿಗಳೆಲ್ಲ ಅಲ್ಲಿ ದಾಖಲಾಗಿ ಯಾರಿಗಾದರೂ ಕಾಣುತ್ತವೆ. ಟೆಡ್ ಭಾಷಣಗಳಿಗೆ ಸ್ವಯಂಸೇವಕರಾಗಿ ಕನ್ನಡ ಸಬ್‌ಟೈಟಲ್ ಮಾಡುವ ಅವಕಾಶವೂ ಇದೆ.

ಎರಡು ಮೂರು ಮಾದರಿ ಸಾಕು. ಪುಕ್ಕಟೆ ಕೆಲಸದಲ್ಲೇ ತಿಂಗಳುಗಟ್ಟಲೆ ಉಳಿಯಬೇಡಿ. ಮಾದರಿಗಳನ್ನು ಒಂದು ಗೂಗಲ್ ಡಾಕ್‌ನಲ್ಲಿ ಸೇರಿಸಿ, ಮೇಲೆ ನಿಮ್ಮ ಹೆಸರು, ಮಾಡುವ ಕೆಲಸ, ಊರು, ಸಂಪರ್ಕ ಬರೆದು ಲಿಂಕ್ ಇಟ್ಟುಕೊಳ್ಳಿ.

ಮೊದಲ ಗಿರಾಕಿ

ಬಿಡಿ ಕೆಲಸ ಕೊಡುವವರನ್ನೂ ಮಾಡುವವರನ್ನೂ ಸೇರಿಸುವ ಅಪ್‌ವರ್ಕ್, ಫೈವರ್‌ನಂಥ ತಾಣಗಳಲ್ಲಿ ಖಾತೆ ತೆರೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅಲ್ಲಿ ಹೊಸಬರ ಹೆಸರು ಬಹಳ ಕೆಳಗಿರುತ್ತದೆ. ಫೈವರ್ ನಿಮ್ಮ ಗಳಿಕೆಯ ಶೇ 20 ಇಟ್ಟುಕೊಳ್ಳುತ್ತದೆ, ಅಂದರೆ 10 ಡಾಲರ್ ಕೆಲಸಕ್ಕೆ ನಿಮಗೆ ಬರುವುದು 8. ಅನುವಾದವನ್ನೇ ವೃತ್ತಿ ಮಾಡಿಕೊಳ್ಳುವವರು ಅನುವಾದಕರ ತಾಣವಾದ ಪ್ರೋಝ್‌ನಲ್ಲಿ ಹೆಸರು ನೋಂದಾಯಿಸಿ. ಯಾವ ಏಜೆನ್ಸಿ ಸರಿಯಾಗಿ ಹಣ ಕೊಡುತ್ತದೆ ಎಂದು ಅನುವಾದಕರೇ ಅಂಕ ಕೊಡುವ ಪಟ್ಟಿ ಅಲ್ಲಿದೆ.

ಮೊದಲ ಕೆಲಸ ಬರುವುದು ಹೆಚ್ಚಾಗಿ ಪರಿಚಯದವರ ಪರಿಚಯದಿಂದ. ನಿಮ್ಮ ಕಾಲೇಜಿನ ಕನ್ನಡ ಅಧ್ಯಾಪಕರು, ಊರಿನ ಪ್ರೆಸ್ಸಿನವರು, ಬೆಂಗಳೂರಿನಲ್ಲಿ ಸಂಶೋಧನೆ ಮಾಡುವ ಸಂಬಂಧಿಕರ ಮಗ, ನೀವು ದಿನಾ ನೋಡುವ ಚಾನೆಲ್‌ನವರು, ಹೀಗೆ ಒಂದು ಪಟ್ಟಿ ಮಾಡಿ. ‘ಏನಾದರೂ ಕೆಲಸ ಇದ್ದರೆ ಹೇಳಿ ಸರ್’ ಎಂದು ಮಾತ್ರ ಬರೆಯಬೇಡಿ. ಓದಿದವರಿಗೆ ಏನು ಕೊಡಬೇಕೆಂದೇ ತೋಚುವುದಿಲ್ಲ. ಹೀಗೆ ಬರೆಯಿರಿ:

‘ನಮಸ್ಕಾರ ಸರ್. ನಿಮ್ಮ ಚಾನೆಲ್‌ನಲ್ಲಿ ಅಡಿಕೆ ಕೊಳೆರೋಗದ ವಿಡಿಯೊ ನೋಡಿದೆ. ಮಲೆನಾಡಿನ ಆಚೆಯವರಿಗೂ, ಕಿವಿ ಕೇಳದವರಿಗೂ ಉಪಯೋಗವಾಗಲಿ ಎಂದು ಮೊದಲ ಮೂರು ನಿಮಿಷಕ್ಕೆ ಕನ್ನಡ ಸಬ್‌ಟೈಟಲ್ ಮಾಡಿ ಜತೆಗೆ ಕಳಿಸಿದ್ದೇನೆ. ಹಿಡಿಸಿದರೆ ಇಡೀ ವಿಡಿಯೊಗೆ ಎರಡು ದಿನದಲ್ಲಿ ಮಾಡಿಕೊಡುತ್ತೇನೆ. ದರ ನಿಮಿಷದ ಲೆಕ್ಕದಲ್ಲಿ, ಒಪ್ಪಿಗೆಯಾದರೆ ತಿಳಿಸಿ.’

ಇದರಲ್ಲಿ ನೀವು ಅವರ ಕೆಲಸ ನೋಡಿದ್ದೀರಿ ಎಂಬುದು ಗೊತ್ತಾಗುತ್ತದೆ, ಮಾದರಿ ಕೈಯಲ್ಲಿದೆ, ದಿನ ಹೇಳಿದ್ದೀರಿ. ಉತ್ತರ ಬಾರದಿದ್ದರೆ ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬಾರದಿದ್ದರೆ ಮುಂದಿನ ಹೆಸರಿಗೆ ಹೋಗಿ. ಹತ್ತು ಜನಕ್ಕೆ ಬರೆದರೆ ಒಬ್ಬಿಬ್ಬರು ಉತ್ತರಿಸಬಹುದು. ಅದರಲ್ಲಿ ಬೇಸರ ಪಡುವಂಥದ್ದೇನಿಲ್ಲ.

ದರ ಎಷ್ಟು ಹೇಳಬೇಕು

ಗಡಿಯಾರ ಇಟ್ಟುಕೊಂಡು ಒಂದು ಪುಟ ಮಾಡಿ ನೋಡಿ. ಟೈಪ್ ಮಾಡಲು 20 ನಿಮಿಷ, ಮೂಲಕ್ಕೆ ತಾಳೆ ನೋಡಿ ತಿದ್ದಲು 10 ನಿಮಿಷ ಆಯಿತು ಎಂದುಕೊಳ್ಳಿ. ನಿಮ್ಮ ಒಂದು ಗಂಟೆಗೆ ಕನಿಷ್ಠ 120 ರೂಪಾಯಿ ಬರಬೇಕು ಅನಿಸಿದರೆ ಪುಟಕ್ಕೆ 60 ರೂಪಾಯಿ. ತಿದ್ದುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ ದರ ಹೇಳಿದವರು ಕೊನೆಗೆ ಕೂಲಿಯೂ ಗಿಟ್ಟದೆ ಬಿಟ್ಟುಬಿಡುತ್ತಾರೆ.

ಪುಟ ಎಂದರೆ ಎಷ್ಟು ಪದ ಎಂದು ಮೊದಲೇ ಮಾತಾಡಿ. ಒಬ್ಬರ ಕೈಬರಹದಲ್ಲಿ ಪುಟಕ್ಕೆ ನೂರು ಪದ ಇದ್ದರೆ ಇನ್ನೊಬ್ಬರದರಲ್ಲಿ ನಾನೂರು ಇರುತ್ತದೆ. ಅನುವಾದಕ್ಕೆ ಮೂಲ ಇಂಗ್ಲಿಷ್‌ನ ಪದಗಳ ಲೆಕ್ಕದಲ್ಲಿ ದರ ಕೇಳಿ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳ ಸಂಖ್ಯೆ ಇಳಿಯುತ್ತದೆ. ಕನ್ನಡ ಪದ ಎಣಿಸಿದರೆ ನಷ್ಟ ನಿಮಗೆ. ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದೂ ಹೇಳಿಬಿಡಿ. ಹೊಸ ಗಿರಾಕಿಯಾದರೆ ಅರ್ಧ ಹಣ ಮುಂಗಡ ಕೇಳುವುದರಲ್ಲಿ ಸಂಕೋಚ ಬೇಡ. ಇದೆಲ್ಲ ವಾಟ್ಸ್ಆ್ಯಪ್‌ನಲ್ಲಾದರೂ ಸರಿ, ಬರಹದಲ್ಲಿರಲಿ.

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ. ಈಗ ಎಐ ಅದಕ್ಕಿಂತ ಎಷ್ಟೋ ಚೆನ್ನಾಗಿ ಅನುವಾದಿಸುತ್ತದೆ, ಹಾಗಾದರೆ ನಮಗೇನು ಕೆಲಸ ಎಂದು ಕೇಳುತ್ತಾರೆ. ಯಂತ್ರ ಮಾಡಿದ್ದಕ್ಕೆ ಹೊಣೆ ಹೊರುವವರು ಬೇಕು, ಕೆಲಸ ಇರುವುದು ಅಲ್ಲಿ. ಕರಡಿಗೆ ಯಂತ್ರವನ್ನು ಬಳಸಿದರೆ ಗಿರಾಕಿಗೆ ಹೇಳಿ ಬಳಸಿ, ಪ್ರತಿ ವಾಕ್ಯವನ್ನೂ ಮೂಲದ ಜತೆ ಓದಿ. ವಕೀಲರ ಕಾಗದ, ಆಸ್ಪತ್ರೆಯ ವರದಿ, ಸಂದರ್ಶನದಲ್ಲಿ ಹಳ್ಳಿಯ ಹೆಂಗಸೊಬ್ಬಳು ನಂಬಿ ಹೇಳಿಕೊಂಡ ಮಾತು, ಇಂಥವನ್ನು ಉಚಿತ ತಾಣಗಳಿಗೆ ಹಾಕಲೇಬೇಡಿ. ಅದು ಬೇರೆಯವರ ಗುಟ್ಟು.

ಮೋಸ ಹೀಗೆ ಬರುತ್ತದೆ

ಈ ಭಾಗವನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಆನ್‌ಲೈನ್ ಕೆಲಸ ಹುಡುಕುವವರ ಕೈಗೆ ಮೊದಲು ಸಿಗುವುದು ಕೆಲಸವಲ್ಲ, ಬಲೆ.

ಒಂದು ಬಲೆ ಡೇಟಾ ಎಂಟ್ರಿ ಹೆಸರಿನದು. ಮಸುಕಾದ ನೂರಾರು ಪುಟ ಕೊಟ್ಟು, ಕೆಲವೇ ದಿನದಲ್ಲಿ ಟೈಪ್ ಮಾಡಬೇಕು ಎನ್ನುತ್ತಾರೆ. ಆನ್‌ಲೈನ್‌ನಲ್ಲೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನೀವು ರಾತ್ರಿ ಹಗಲು ಕೂತು ಮುಗಿಸಿ ಕೊಟ್ಟ ಮೇಲೆ ‘ನಿಖರತೆ ಸಾಲದು, ಒಪ್ಪಂದ ಮುರಿದಿದ್ದೀರಿ’ ಎಂದು ವಕೀಲರ ಹೆಸರಿನಲ್ಲಿ ನೋಟಿಸ್ ಬರುತ್ತದೆ, ಇಷ್ಟು ಸಾವಿರ ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಎಂಬ ಫೋನ್ ಬರುತ್ತದೆ. ಮರ್ಯಾದೆಗೆ ಅಂಜಿ ಕಟ್ಟಿಬಿಡುತ್ತಾರೆ ಎಂಬುದೇ ಅವರ ಲೆಕ್ಕ. ಕಟ್ಟಬೇಡಿ. ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ.

ಇನ್ನೊಂದು ಟೆಲಿಗ್ರಾಂನಲ್ಲಿ ನಡೆಯುತ್ತದೆ. ವಿಡಿಯೊ ಲೈಕ್ ಮಾಡಿ, ಹೋಟೆಲಿಗೆ ಸ್ಟಾರ್ ಕೊಡಿ ಎಂದು ಹೇಳಿ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಕಳಿಸುತ್ತಾರೆ. ನಂಬಿಕೆ ಹುಟ್ಟಿದ ಮೇಲೆ ‘ಮುಂಗಡ ಟಾಸ್ಕ್’ ಶುರು: ಸಾವಿರ ಹಾಕಿದರೆ ಸಾವಿರದ ಮುನ್ನೂರು ಬರುತ್ತದೆ ಎನ್ನುತ್ತಾರೆ. ಪರದೆಯ ಮೇಲೆ ನಿಮ್ಮ ಲಾಭ ಬೆಳೆಯುತ್ತಾ ಹೋಗುತ್ತದೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ, ಇನ್ನೊಂದು ಟಾಸ್ಕ್ ಮುಗಿಸಿ ಎನ್ನುತ್ತಾರೆ. ಸುಮ್ಮನೆ ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ ಎನ್ನುವವರು ಇನ್ನೂ ಅಪಾಯ. ಕದ್ದ ಹಣ ನಿಮ್ಮ ಖಾತೆಯಿಂದ ಹಾದುಹೋದರೆ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ.

ಕೆಲಸ ಕೊಡುವವರು ನಿಮ್ಮಿಂದ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ ಎಂದು ಏನು ಕೇಳಿದರೂ ಅಲ್ಲಿಗೆ ನಿಲ್ಲಿಸಿ. ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕಲು ‘ಕನೆಕ್ಟ್ಸ್’ ಕೊಳ್ಳಬೇಕಾಗುತ್ತದೆ ನಿಜ, ಅದು ತಾಣದ ಶುಲ್ಕ, ಕೆಲಸ ಕೊಡುವವರು ಕೇಳುವುದಲ್ಲ. ಆದರೂ ಮೊದಲ ಗಳಿಕೆ ಆಗುವವರೆಗೆ ಅದಕ್ಕೂ ದುಡ್ಡು ಹಾಕಬೇಡಿ ಎಂಬುದು ನನ್ನ ಸಲಹೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದರೆ ಆ ಹಣವನ್ನು ಮುಂದಿನ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು.

ಹಣ ಕೈಗೆ ಬರುವಾಗ

ದೇಶದೊಳಗಿನವರಾದರೆ ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆ. ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ವಿದೇಶದ ಗಿರಾಕಿಯಿಂದ ಪಡೆಯಲು ಮಾತ್ರ ಬರುತ್ತದೆ. ವಿದೇಶಿ ಹಣಕ್ಕೆ ಬ್ಯಾಂಕಿನವರು ಯಾವ ಸೇವೆಗೆ ಬಂದದ್ದು ಎಂದು ಉದ್ದೇಶದ ಸಂಕೇತ ಕೇಳುತ್ತಾರೆ, ಗಾಬರಿ ಬೇಡ. ಸಣ್ಣ ಕೆಲಸವಾದರೂ ಒಂದು ಬಿಲ್ ಕಳಿಸಿ: ನಿಮ್ಮ ಹೆಸರು, ಅವರ ಹೆಸರು, ತಾರೀಕು, ಎಷ್ಟು ಪುಟ, ದರ, ಮೊತ್ತ, ಖಾತೆಯ ವಿವರ. ಸಂಸ್ಥೆಗಳು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಉಳಿದದ್ದನ್ನು ಕೊಡಬಹುದು; ಪ್ಯಾನ್ ಕೊಡದಿದ್ದರೆ ಹೆಚ್ಚು ದರದಲ್ಲಿ ಹಿಡಿಯುತ್ತಾರೆ. ನಿಮ್ಮ ಒಟ್ಟು ಆದಾಯಕ್ಕೆ ತೆರಿಗೆ ಬರದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಿರಿ. ಜಿಎಸ್‌ಟಿ ನೋಂದಣಿಯ ಯೋಚನೆ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವವರೆಗೆ ಬೇಡ.

ಹಣ ಬಂದ ದಿನವೇ ಗಿರಾಕಿಗೆ ಧನ್ಯವಾದ ಹೇಳಿ, ಕೆಲಸದ ಬಗ್ಗೆ ಎರಡು ಸಾಲು ಬರೆದುಕೊಡಲು ಕೇಳಿ, ಅದನ್ನು ನಿಮ್ಮ ಮಾದರಿಯ ಡಾಕ್‌ನಲ್ಲಿ ಅವರ ಒಪ್ಪಿಗೆ ಪಡೆದು ಸೇರಿಸಿ. ಜತೆಗೆ ‘ನಿಮ್ಮ ಸ್ನೇಹಿತರಲ್ಲಿ ಯಾರಾದರೂ ಪುಸ್ತಕ ತರುತ್ತಿದ್ದಾರಾ ಸರ್?’ ಎಂದು ಕೇಳಿಬಿಡಿ. ಬರೆಯುವವರಿಗೆ ಬರೆಯುವವರ ಪರಿಚಯ ಇದ್ದೇ ಇರುತ್ತದೆ.